ಮ್ಯೂಸಿಯಂ ಒಳಕಲ್ಲಿಗೆ ಒಂದು ಹಿಡಿ ಜೋಳ

ನಮ್ಮ ತಾತನ ಜೇಬಿನಲ್ಲಿ ಜೋಳ ಬೆಳೆಯುತ್ತದೆ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ನಾನು ದಿನಚರಿ ಬರೆಯುವವಳು, ಕಂಡದ್ದನ್ನು ತಾರೀಖು ಹಾಕಿ ಬರೆದಿಡುವವಳು. ಹೋದ ಮಳೆಗಾಲದಲ್ಲಿ, ಮೂರು ದಿನ ಬಿಸಿಲೇ ಕಾಣದೆ ಬಕೆಟ್ಟಿನಲ್ಲಿ ಬಿದ್ದಿದ್ದ ತಾತನ ಜುಬ್ಬದ ಎಡಜೇಬಿನಿಂದ ಬಿಳಿ ಬೇರು, ಹಸಿರು ಮೊಳಕೆ ಹೊರಗೆ ಇಣುಕಿದ್ದನ್ನು ಸ್ಕೇಲು ಹಿಡಿದು ಅಳೆದು ಬರೆದಿದ್ದೇನೆ. ನಮ್ಮ ತಾಲೂಕಿನಲ್ಲಿ ಆ ವರ್ಷ ಅಷ್ಟು ಸಮನಾಗಿ ಮೊಳೆತ ಹೊಲ ಇನ್ನೊಂದಿರಲಿಲ್ಲ!

ನಾನು ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಿನಲ್ಲಿ ರಕ್ತಕಣ ಎಣಿಸುವ ಕೆಲಸ. ಹಾಗೆ ಎಣಿಸಿ ಎಣಿಸಿ, ಮನೆಗೆ ಬಂದ ಮೇಲೂ ಎಣಿಸುವುದು ನಿಲ್ಲುವುದಿಲ್ಲ. ರೊಟ್ಟಿ ಎಷ್ಟು, ಬಿಕ್ಕಳಿಕೆ ಎಷ್ಟು, ಪಕ್ಕದ ಮನೆಯವರು ಜಗಳದಲ್ಲಿ ಒಬ್ಬರನ್ನೊಬ್ಬರು 'ಮನುಷ್ಯರೇನು ನೀವು' ಎಂದು ಕೇಳಿದ್ದು ಎಷ್ಟು ಸಲ. ನನ್ನ ಈ ರೋಗವನ್ನು ಮನೆಯಲ್ಲಿ ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ತಾತನ ರೋಗದ ಮುಂದೆ ನನ್ನದು ಯಾವ ಲೆಕ್ಕ?

ತಾತನ ಎಡಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ಬಿಳಿಜೋಳ ಇರುತ್ತದೆ. ಮದುವೆಗೆ ಹೋದರೂ ಸರಿ, ಮಣ್ಣಿಗೆ ಹೋದರೂ ಸರಿ. ಹಳೆಯದಾದರೆ ಕೋಳಿಗಳಿಗೆ ಎರಚಿ, ಹೊಸದನ್ನು ತುಂಬಿಕೊಳ್ಳುತ್ತಾನೆ. ತಿನ್ನುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಆದರೆ ಜೋಳಕ್ಕೆ ಗೊತ್ತೇ, ಜೇಬಿನಲ್ಲೇ ಇರಬೇಕು ಅಂತ? ಹಾಸಿಗೆಯಲ್ಲಿ ಜೋಳ, ಬಚ್ಚಲಿನಲ್ಲಿ ಜೋಳ, ಕನ್ನಡಕದ ಡಬ್ಬಿಯಲ್ಲಿ ಜೋಳ. ವಾಷಿಂಗ್ ಮಷೀನು ಎರಡು ಸಲ ಕೆಟ್ಟಿತು. ರಿಪೇರಿಗೆ ಬಂದ ಹುಡುಗ ಅದರ ಹೊಟ್ಟೆ ಬಿಚ್ಚಿ, ಅಂಗೈ ತುಂಬ ಕಾಳು ತೆಗೆದು ನಮ್ಮ ಅಮ್ಮನ ಮುಖ ನೋಡಿದ.

"ಅಕ್ಕಾರ, ನೀವು ಇದರಾಗ ಬಟ್ಟಿ ಒಗೀತೀರೋ, ಹಿಟ್ಟು ಬೀಸ್ತೀರೋ?"

ಅಂದಿನಿಂದ ಅಮ್ಮ ತಾತನ ಅಂಗಿ ಒಗೆಯಲು ತೆಗೆದುಕೊಳ್ಳುವಾಗಲೆಲ್ಲ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಾಳೆ: "ಮಾವಾ, ಜೇಬು ಖಾಲಿ ಮಾಡಿ ಕೊಡ್ರಿ." ತಾತ ಸೊಸೆಯ ಮಾತಿಗೆ ಎದುರಾಡುವವನಲ್ಲ. ಕಾಳನ್ನೆಲ್ಲ ಒಗೆದ ಅಂಗಿಯ ಜೇಬಿಗೆ ವರ್ಗಾಯಿಸಿ, ಕೊಳೆ ಅಂಗಿ ಕೊಡುತ್ತಾನೆ. ವರ್ಗಾವಣೆಯಲ್ಲಿ ಸೋರಿದ ಕಾಳನ್ನು ಇರುವೆಗಳು ನೋಡಿಕೊಳ್ಳುತ್ತವೆ.

ಒಮ್ಮೆ ಕೂಡ್ಲಿಗಿ ಬಸ್ಸಿನಲ್ಲಿ ತಾತ ನಿದ್ದೆ ಹೋಗಿದ್ದಾಗ, ಪಕ್ಕದವರು ಸಂತೆಯಿಂದ ತರುತ್ತಿದ್ದ ಮೇಕೆ ಎಡಜೇಬನ್ನು ಕಾಳಿನ ಸಮೇತ ತಿಂದುಹಾಕಿತು. ಎಚ್ಚರಾದ ತಾತ ಮೇಕೆಯವನನ್ನು ಬೈಯಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಯಾರದೋ ಮನೆಯ ಬಾಗಿಲು ಬಡಿದು, "ಯವ್ವಾ, ಒಂದು ಹಿಡಿ ಜೋಳ ಕೊಡ್ರಿ" ಎಂದು ಕೇಳಿ, ಹರಿಯದ ಬಲಜೇಬಿಗೆ ಹಾಕಿಕೊಂಡು, ಮುಂದಿನ ಬಸ್ಸಿಗೆ ಬಂದ. ಆ ಮನೆಯವರು ಭಿಕ್ಷುಕ ಅಂದುಕೊಂಡು ಮೇಲೆ ಎರಡು ರೊಟ್ಟಿಯನ್ನೂ ಕೊಟ್ಟಿದ್ದರು. ರೊಟ್ಟಿ ಮೆತ್ತಗಿದ್ದವು ಎಂದು ತಾತ ಹೊಗಳಿದ.

ಇದೆಲ್ಲ ಯಾಕೆ ಎಂದು ನೀವು ಕೇಳುತ್ತೀರಿ. ನಾವೂ ಕೇಳಿದ್ದೆವು.

ತಾತ ಹುಟ್ಟಿದ ಊರು ಈಗ ಇಲ್ಲ. ಇಲ್ಲ ಅಂದರೆ, ಇದೆ. ತುಂಗಭದ್ರೆಯ ಅಣೆಕಟ್ಟಿನ ಹಿನ್ನೀರಿನ ಕೆಳಗೆ ಇದೆ. ನೀರು ನಿಲ್ಲಿಸುವಾಗ ಅವನಿಗೆ ಏಳೋ ಎಂಟೋ ವರ್ಷ. ಊರವರಿಗೆ ಬಂಡಿ ಬಂದವು. ಕೇರಿಯವರು ಗಂಟುಮೂಟೆ ತಲೆಯ ಮೇಲೆ ಹೊತ್ತು ನಡೆದರು. ತಲೆಯ ಮೇಲೆ ಬರದೆ ಹಿಂದೆ ಉಳಿದದ್ದು ಒಂದೇ: ನೆಲದಲ್ಲಿ ಹೂತಿದ್ದ ಒಳಕಲ್ಲು. ತಾತನ ಅವ್ವ ಕುಟ್ಟಿದ, ಅರೆದ ಒಳಕಲ್ಲು. ನಮ್ಮ ಕಡೆ ಒಳಕಲ್ಲನ್ನು ಬರಿದಾಗಿ ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ತೊಳೆದು, ನಾಲ್ಕು ಕಾಳಾದರೂ ಹಾಕಿಡುತ್ತಾರೆ. ಒಳಕಲ್ಲು ಹಸಿದರೆ ಮನೆ ಹಸಿಯುತ್ತದೆ ಎಂದು ನಂಬಿಕೆ. ತಾತ ಹೇಳುತ್ತಿದ್ದುದು ಇಷ್ಟೇ: "ಬೇಸಗ್ಯಾಗ ನೀರು ಇಳೀತೈತಿ. ಒಂದಿಲ್ಲೊಂದು ವರ್ಷ ನಮ್ಮ ಕೇರಿ ತನಕ ಇಳೀತೈತಿ. ಆವತ್ತು ಹೋಗಿ ಒಳಕಲ್ಲಿಗೆ ಒಂದು ಹಿಡಿ ಜೋಳ ಹಾಕಬೇಕು. ಅಷ್ಟ."

ಅಷ್ಟೇ! ಈ 'ಅಷ್ಟೇ'ಗಾಗಿ ಪ್ರತಿ ಮೇ ತಿಂಗಳು ತಾತ ನೀರಿನ ಅಂಚಿಗೆ ಹೋಗಿ ನಿಂತು ಬರುತ್ತಿದ್ದ. ಕೆಲವು ವರ್ಷ ಊರ ಗುಡಿಯ ಗೋಡೆ ಕಾಣುತ್ತಿತ್ತಂತೆ. ಕೆಲವು ವರ್ಷ ಗೌಡರ ಮನೆಯ ಕಟ್ಟೆ. ಕೇರಿ ತಗ್ಗಿನಲ್ಲಿತ್ತು. ಮುಳುಗುವಾಗ ಮೊದಲು ಮುಳುಗಿದ್ದು ಅದು, ಎದ್ದರೆ ಕೊನೆಗೆ ಏಳಬೇಕಾದದ್ದೂ ಅದೇ.

"ನಮ್ಮ ಪಾಳಿ ಯಾವಾಗ್ಲೂ ಹಿಂಗ ನೋಡು" ಎಂದು ನಗುತ್ತಿದ್ದ. ಬರುವ ವರ್ಷ ನೋಡೋಣ ಎನ್ನುತ್ತಿದ್ದ.

ಬರುವ ವರ್ಷಗಳು ಕಡಿಮೆಯಾಗುತ್ತಿವೆ ಎಂದು ಗೊತ್ತಾದದ್ದು ಹರಪನಹಳ್ಳಿಯಲ್ಲಿ. ಅಲ್ಲಿ ಕಣ್ಣಿನ ಶಿಬಿರ ಎಂದು ಕರೆದುಕೊಂಡು ಹೋಗಿದ್ದೆ. ಪೊರೆ ಇರಬಹುದು, ತೆಗೆಸಿದರಾಯಿತು ಅಂದುಕೊಂಡಿದ್ದೆವು. ಡಾಕ್ಟರು ಬೆರಳು ತೋರಿಸಿ ಕೇಳಿದರು, "ಎಷ್ಟು ತಾತಾ?"

"ಮೂರು ಬೆರಳು ಅದಾವ್ರಿ" ಎಂದ ತಾತ. "ಆದ್ರ ಬೆರಳಿನ ಹಿಂದ ಡಾಕ್ಟ್ರು ಅದಾರೋ, ಊಟಕ್ಕೆ ಹೋಗ್ಯಾರೋ, ಅದು ಗೊತ್ತಾಗವಲ್ದು."

ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ಕಣ್ಣಿನ ನರ ಸೊರಗಿದೆ, ಸುತ್ತಲಿಂದ ಕತ್ತಲೆ ಕವಿಯುತ್ತ ಬರುತ್ತದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇನ್ನೆಷ್ಟು ದಿನ ಎಂದು ಹೇಳಲಾಗುವುದಿಲ್ಲ ಎಂದರು. ಹನಿ ಹಾಕುವ ಔಷಧ ಕೊಟ್ಟರು. ಬಸ್ಸಿನಲ್ಲಿ ತಾತ ಕೇಳಿದ, "ಏನಂದ್ರು?" ಹೇಳಿದೆ. ಅವನು ಕಿಟಕಿಯ ಕಡೆ ತಿರುಗಿ ಕೂತ. ಕೊಟ್ಟೂರು ದಾಟಿತು. ಆಮೇಲೆ ಜೇಬಿಗೆ ಕೈಹಾಕಿ ಕಾಳು ಮುಟ್ಟಿ ನೋಡಿಕೊಂಡು, "ಇದಕ್ಕ ಕಣ್ಣು ಬೇಕಾಗಿಲ್ಲ ಬಿಡು" ಎಂದ. ಆ ದಿನದ ದಿನಚರಿಯಲ್ಲಿ ನಾನು ಬಸ್ಸಿನ ಹೊತ್ತು ಮಾತ್ರ ಬರೆದಿದ್ದೇನೆ.

ಆ ಚಳಿಗಾಲದಲ್ಲಿ ನಮ್ಮ ಕಡೆಯ ಬೌದ್ಧ ಮನೆಗಳವರೆಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಪ್ರವಾಸ ಹೊರಟರು. ಆಂಧ್ರದ ಕಡೆ, ಕೃಷ್ಣಾ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನ ನಡುವೆ ಒಂದು ಗುಡ್ಡ. ಗುಡ್ಡದ ಮೇಲೆ ಮ್ಯೂಸಿಯಂ. ಅದರೊಳಗೆ ಸಾವಿರಾರು ವರ್ಷ ಹಿಂದಿನ ಬುದ್ಧನ ಶಿಲ್ಪಗಳು. ತಾತ ನಡುವಯಸ್ಸಿನಲ್ಲಿ ದೀಕ್ಷೆ ತೆಗೆದುಕೊಂಡವನು. ಮನೆಯಲ್ಲಿ ಬುದ್ಧನ ಪಟದ ಮುಂದೆ ದಿನಾ ಕೂರುತ್ತಾನೆ. ಆದರೆ ಪ್ರವಾಸ ಎಂದರೆ ಆಗದು. "ಬುದ್ಧ ಇಲ್ಲೇ ಗೋಡಿ ಮ್ಯಾಲೆ ಅದಾನ. ಅಷ್ಟು ದೂರ ಹೋಗಿ ಕಲ್ಲಿನಾಗ ನೋಡೋದೇನೈತಿ?" ಎಂದು ಗೊಣಗಿದ.

ನಾನು ಹೇಳಿದೆ: "ತಾತಾ, ಆ ಕಲ್ಲುಗಳೆಲ್ಲ ಮುಳುಗಡೆ ಊರಿನವು. ನೀರು ಬರ್ತೈತಿ ಅಂತ ಅಗೆದು, ಎತ್ತಿ ಗುಡ್ಡದ ಮ್ಯಾಲೆ ತಂದಿಟ್ಟಾರ."

ತಾತ ಉಣ್ಣುತ್ತಿದ್ದ ತುತ್ತು ನಿಲ್ಲಿಸಿದ. "ಕಲ್ಲನ್ನ? ಎತ್ತಿ ತಂದ್ರಾ?"

"ಹೂಂ."

"ಒಳಕಲ್ಲೂ?"

"ನನಗೇನು ಗೊತ್ತು?"

"ನನ್ನ ಹೆಸರು ಬರಸು" ಎಂದ.

ಬಸ್ಸಿನ ಪ್ರಯಾಣ ನಾನು ವಿವರಿಸುವುದಿಲ್ಲ. ಮೆಣಸಿನಕಾಯಿ ಮಂಡಕ್ಕಿಯ ಚೀಲಗಳೆಷ್ಟು, ವಾಂತಿ ಮಾಡಿಕೊಂಡವರೆಷ್ಟು ಎಂಬ ಲೆಕ್ಕ ನನ್ನ ಹತ್ತಿರ ಇದೆ. ಎರಡಕ್ಕೂ ಸಂಬಂಧವಿದೆ, ಬಿಡಿ. ಬೆಳಿಗ್ಗೆ ದಡ ಮುಟ್ಟಿ ಲಾಂಚು ಹತ್ತಿದೆವು. ಸುತ್ತಲೂ ಬೂದುಬಣ್ಣದ ನೀರು, ಮೇಲೆ ಮೋಡ. ತಾತ ಹತ್ತಿದವನೇ ಬಗ್ಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಯಾಕ ತಾತಾ? ಗುಡಿ ಅಲ್ಲ ಇದು, ದೋಣಿ!"

"ಕೆಳಗ ಊರು ಐತಿ ಅಂದಿಯಲ್ಲ. ಮಂದಿ ಮನಿ ಮ್ಯಾಲೆ ಚಪ್ಪಲಿ ಹಾಕ್ಕೊಂಡು ಹೋಗ್ತಾರೇನು?"

ಲಾಂಚಿನವರೆಲ್ಲ ನಗತೊಡಗಿದರು. ಕೊಟ್ಟೂರಿನಿಂದ ಬಂದಿದ್ದ ಒಬ್ಬ ಮೇಷ್ಟ್ರು, ತಾತನಿಗಿಂತ ಹತ್ತು ವರ್ಷ ಚಿಕ್ಕವರು, ಕಿಚಾಯಿಸಿದರು. "ಏನಪಾ ಹಿರಿಯಾ, ನಮ್ಮ ಹಿರಿಯರು ಊರಾಗ ಚಪ್ಪಲಿ ಕೈಯಾಗ ಹಿಡಿದು ನಡದಿದ್ದು ಸಾಲಲಿಲ್ಲೇನು? ನೀರಿನ ಮ್ಯಾಲೂ ಹಿಡೀಬೇಕಾ?"

"ಆವಾಗ ಹೆದರಿ ಹಿಡೀತಿದ್ವಿ ಮೇಷ್ಟ್ರೆ" ಎಂದ ತಾತ. "ಈಗ ಯಾರೂ ಹೇಳಿಲ್ಲ. ನಾನಾಗಿ ಹಿಡದೀನಿ. ಎರಡೂ ಒಂದ ಏನ್ರಿ?"

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮೇಷ್ಟ್ರ ಬೂಟೂ ಅವರ ತೊಡೆಯ ಮೇಲಿದ್ದವು. ಬೂಟಿನಿಂದ ಬರುತ್ತಿದ್ದ ವಾಸನೆಗೆ ಪಕ್ಕದವರು ಸೀಟು ಬದಲಿಸಿದರು. ಗೌರವಕ್ಕೂ ಒಂದು ಬೆಲೆ ಇರುತ್ತದಲ್ಲವೇ?

ಮ್ಯೂಸಿಯಂ ಒಳಗೆ ತಂಪು, ಮಬ್ಬು. ಮಾಸಲು ಬಿಳಿಯ ಸುಣ್ಣಕಲ್ಲಿನ ಶಿಲ್ಪಗಳು. ತಾತನ ಕಣ್ಣಿಗೆ ಎದುರಿನ ಒಂದು ತುಣುಕು ಮಾತ್ರ ಕಾಣುತ್ತಿತ್ತು. ಆದ್ದರಿಂದ ಅವನು ಶಿಲ್ಪವನ್ನು ಕಂತು ಕಂತಾಗಿ ನೋಡುತ್ತಿದ್ದ. ಮೊದಲು ಕಾಲು, ಆಮೇಲೆ ಮೊಣಕಾಲು, ಆಮೇಲೆ ಎದೆ. ಒಂದು ನಿಂತ ಬುದ್ಧನ ಮುಂದೆ ಹಾಗೆ ಏರುತ್ತ ಏರುತ್ತ ಹೋಗಿ, ಕುತ್ತಿಗೆಯ ಹತ್ತಿರ ನಿಂತ.

"ಲೇ ಹುಡಿಗಿ, ತಲಿ ನನಗ ಕಾಣವಲ್ದೋ, ಇಲ್ಲೋ?"

"ಇಲ್ಲ ತಾತಾ. ಮುರದೈತಿ."

"ಹಂಗಾರ ನನ್ನ ಕಣ್ಣು ಇನ್ನೂ ಛಲೋ ಅದಾವು ಬಿಡು" ಎಂದು ಸಮಾಧಾನಪಟ್ಟ. ಆಮೇಲೆ ತಲೆಯಿಲ್ಲದ ಬುದ್ಧನ ಹತ್ತಿರ ಸರಿದು, ಸಂತೆಯಲ್ಲಿ ಸಿಕ್ಕ ನೆಂಟನನ್ನು ಮಾತಾಡಿಸುವಂತೆ ಕೇಳಿದ: "ನಿಮ್ಮೂರೂ ಮುಳುಗಿತಂತಲ್ಲಪಾ. ಹೊಸ ಜಾಗ ಒಗ್ಗೇತೇನು? ಗಾಳಿ ಬೆಳಕು ಐತಿ. ನಮಗ ಕೊಟ್ಟಿದ್ದು ಬರೀ ಕಲ್ಲು ಭೂಮಿ."

ಇನ್ನೊಂದು ಫಲಕದಲ್ಲಿ ಒಂದು ಖಾಲಿ ಪೀಠ; ಸುತ್ತ ಜನ ಕೈಮುಗಿದು ನಿಂತಿದ್ದಾರೆ. ಮೇಷ್ಟ್ರು ವಿವರಿಸಿದರು: ಹಿಂದಿನ ಕಾಲದಲ್ಲಿ ಬುದ್ಧನ ರೂಪ ಕೆತ್ತದೆ, ಅವನಿದ್ದಾನೆ ಎಂಬುದಕ್ಕೆ ಖಾಲಿ ಪೀಠ ಕೆತ್ತುತ್ತಿದ್ದರು.

ತಾತ ತಲೆದೂಗಿದ. "ಕುರ್ಚಿ ಐತಿ, ಕುಂತಾಂವ ಇಲ್ಲ, ಮಂದಿ ಕೈಮುಗಕೊಂಡು ನಿಂತಾರ. ಗೊತ್ತಾತು ಬಿಡ್ರಿ. ಪರಿಹಾರ ಕೇಳಾಕ ಹೋದಾಗ ನಮ್ಮಪ್ಪನೂ ಹಿಂಗ ನಿಂತಿದ್ದ."

ನಮ್ಮ ಗುಂಪು ಎಷ್ಟು ಜೋರಾಗಿ ನಕ್ಕಿತೆಂದರೆ ಕಾವಲುಗಾರ ಎದ್ದು ಬಂದು ತುಟಿಯ ಮೇಲೆ ಬೆರಳಿಟ್ಟ. ಖಾಕಿ ತೊಟ್ಟ ತೆಳ್ಳಗಿನ ತೆಲುಗಿನವನು. ಆಗಿನಿಂದ ಅವನ ಕಣ್ಣು ತಾತನ ಮೇಲೆಯೇ. ತಾತನ ಕಣ್ಣು ಮಾತ್ರ ಯಾವುದನ್ನೋ ಹುಡುಕುತ್ತಿತ್ತು. ಬುದ್ಧ ಹುಟ್ಟಿದ್ದು, ಮನೆ ಬಿಟ್ಟದ್ದು, ಆನೆ ಪಳಗಿಸಿದ್ದು, ಎಲ್ಲವನ್ನೂ ದಾಟಿ ದಾಟಿ ಹೋದ. ಕೊನೆಯ ಕೋಣೆಯಲ್ಲಿ ಅಗೆಯುವಾಗ ಸಿಕ್ಕ ಸಾಮಾನುಗಳಿದ್ದವು: ಗಾಜಿನ ಪೆಟ್ಟಿಗೆಗಳಲ್ಲಿ ಮಣಿ, ಬಳೆಚೂರು, ಮಡಕೆಯ ಕಂಠ. ಮೂಲೆಯಲ್ಲಿ, ಗಾಜಿಲ್ಲದೆ, ಹಗ್ಗ ಕಟ್ಟಿದ ಕಟ್ಟೆಯ ಮೇಲೆ, ಮೊಣಕಾಲೆತ್ತರದ ಒಂದು ಒಳಕಲ್ಲು.

ತಾತ ನಿಂತುಬಿಟ್ಟ. ಬಗ್ಗಿದ. ಕಂತು ಕಂತಾಗಿ ನೋಡಿದ. ಅಂಚು, ಹೊಟ್ಟೆ, ಆಮೇಲೆ ಒಳಗೆ.

"ಖಾಲಿ ಐತಿ" ಎಂದ.

ನಾನು ಪಕ್ಕದ ಚೀಟಿಯನ್ನು ಓದುತ್ತಿದ್ದೆ. ಅಷ್ಟರಲ್ಲಿ ಸರಸರ ಎಂದು ಒಂದು ಸದ್ದು. ನಮ್ಮ ಮನೆಯ ನೆಲದ ಮೇಲೆ ಎಷ್ಟೋ ಸಲ ಕೇಳಿದ ಸದ್ದು! ತಿರುಗಿ ನೋಡುವುದರೊಳಗೆ ತಾತ ಹಗ್ಗದ ಮೇಲಿಂದ ಬಾಗಿ, ಎಡಜೇಬಿನ ಅಷ್ಟೂ ಜೋಳವನ್ನು ಆ ಪುರಾತನ ಒಳಕಲ್ಲಿಗೆ ಸುರಿದು, ಅಂಗೈ ಒರೆಸಿಕೊಳ್ಳುತ್ತಿದ್ದ.

"ಏಯ್! ಏಂ ಚೇಸ್ತುನ್ನಾವು ತಾತಾ!" ಎಂದು ಕಾವಲುಗಾರ ಓಡಿ ಬಂದ. ಹಿಂದೆಯೇ ಒಬ್ಬ ಅಧಿಕಾರಿ. ಅಧಿಕಾರಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು.

"ಇದು ಎಷ್ಟು ಹಳೇ ವಸ್ತು ಗೊತ್ತಾ ನಿಮಗೆ?"

"ಅದಕ್ಕ ಹಾಕಿದೆ ಸಾಹೇಬ್ರ" ಎಂದ ತಾತ ನಿಧಾನವಾಗಿ. "ಅಷ್ಟು ವರ್ಷ ಉಪಾಸ ಇಟ್ಟೀರಿ. ಒಬ್ಬರಿಗಾದ್ರೂ ಮನಸ್ಸಿಗೆ ಬರಲಿಲ್ಲೇನು?"

"ಮುಟ್ಟಬಾರದು ಅಂತ ಬೋರ್ಡು ಇದೆ!"

"ಮುಟ್ಟಿಲ್ರಿ. ಮ್ಯಾಲಿಂದ ಹಾಕೀನಿ. ನಮಗ ಮುಟ್ಟದಂಗ ಹಾಕೋದು ಹೇಳಿಕೊಡಬೇಕೇನು?"

ನಾನು ಕ್ಷಮೆ ಕೇಳಿ, ಎಲ್ಲವನ್ನೂ ತೆಗೆಯುತ್ತೇನೆ ಎಂದೆ. ಒಳಗೆ ಕೈ ಹಾಕಿ ಉಜ್ಜಬಾರದು ಎಂದರು. ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹೆಕ್ಕಿದೆ. ಇಡೀ ಪ್ರವಾಸ ನನ್ನ ಸುತ್ತ ನಿಂತು ನೋಡಿತು. ಬುದ್ಧನನ್ನು ಬಿಟ್ಟು ನನ್ನ ಫೋಟೋ ತೆಗೆದವರೂ ಇದ್ದಾರೆ! ಕೊನೆಗೆ ಕಲ್ಲಿನ ಬಿರುಕಿನಲ್ಲಿ ಒಂದು ಕಾಳು ಸಿಕ್ಕಿಕೊಂಡಿತು. ಉಗುರಿಗೆ ಬರಲಿಲ್ಲ. ಅಧಿಕಾರಿ ಹೊರಟುಹೋಗಿದ್ದರು. ಕಾವಲುಗಾರ ಬಗ್ಗಿ ನೋಡಿದ, ತಾತನನ್ನು ನೋಡಿದ.

"ವದಿಲೇಯಂಡಿ" ಎಂದ. ಬಿಟ್ಟುಬಿಡಿ.

ಹೊರಗೆ ಮರದ ಕೆಳಗಿನ ಬೆಂಚಿನಲ್ಲಿ ತಾತನನ್ನು ಕೂರಿಸಿದೆ. ನನಗೆ ಸಿಟ್ಟು. ಕಾಳನ್ನು ಅವನ ಜೇಬಿಗೆ ತಿರುಗಿ ಹಾಕುತ್ತ ಗದರಿದೆ. "ನಿನ್ನ ಅವ್ವನ ಒಳಕಲ್ಲಿಗೆ ಹಾಕು, ಬ್ಯಾಡ ಅನ್ನಲ್ಲ. ಕಂಡ ಕಂಡ ಒಳಕಲ್ಲಿಗೆ ಯಾಕ? ಏನು ಹುಚ್ಚು ಇದು?"

ತಾತ ನೀರಿನ ಕಡೆ ನೋಡುತ್ತಿದ್ದ. ಎಷ್ಟು ಕಾಣುತ್ತಿತ್ತೋ.

"ನಮ್ಮವ್ವ ಕಡೇ ದಿನ ಮನಿ ಸಾರಿಸಿದ್ಲು" ಎಂದ. "ಮುಳುಗೋ ಮನಿ ಯಾಕ ಸಾರಸ್ತಿ ಅಂತ ನಮ್ಮಪ್ಪ ಬೈದ. ನೀರಾದ್ರೂ ಒಳಗ ಬರ್ತೈತಲ್ಲ, ಬರೋರಿಗೆ ಚೊಕ್ಕ ಇರಲಿ ಅಂದ್ಲು. ಆಮ್ಯಾಲೆ ಗಡಿಗ್ಯಾಗ ಉಳದಿದ್ದ ಜೋಳ, ಒಂದ ಹಿಡಿ, ಅದನ್ನ ಒಳಕಲ್ಲಿಗೆ ಹಾಕಿದ್ಲು. ಎಲ್ಲಾರೂ ಗಂಟು ಹೊತ್ಕೊಂಡು ಹೊಂಟ್ವಿ. ನಾನು ಬುಗುರಿ ಮರ್ತೀನಿ ಅಂತ ಸುಳ್ಳು ಹೇಳಿ ವಾಪಸ್ ಹೋದೆ."

ತಾತ ಜೇಬಿನ ಕಾಳನ್ನು ಬೆರಳಲ್ಲಿ ಆಡಿಸಿದ.

"ಹಿಂದಿನ ದಿನದಿಂದ ಹೊಟ್ಟಿಗೇನೂ ಇರಲಿಲ್ಲ. ಒಳಕಲ್ಲಿನ ಮುಂದ ಕುಂತು ಅಷ್ಟೂ ತಿಂದೆ. ಹಸಿ ಜೋಳ. ಒಂದು ಕಾಳು ಬಿಡಲಿಲ್ಲ."

"ಹಸದಿದ್ದಿಯಲ್ಲ ತಾತಾ. ಸಣ್ಣಾಂವ."

"ಅದಲ್ಲ. ನಮ್ಮವ್ವ ಸಾಯೋತನಕ ಒಂದು ಮಾತು ಹೇಳ್ತಿದ್ಲು. ಎಂಥಾ ಬರ ಬಂದ್ರೂ, ನಾವು ಒಳಕಲ್ಲು ಖಾಲಿ ಇಟ್ಟು ಬಂದಿಲ್ಲ, ನಮ್ಮನಿ ಹಸಿಯೋದಿಲ್ಲ ಅಂತ. ಒಲಿ ಹಚ್ಚದ ದಿನಾನೂ ಹೇಳ್ತಿದ್ಲು. ಆವಾಗೆಲ್ಲ ನನ್ನ ಬಾಯಾಗ ಆ ಹಸಿ ಜೋಳ ಬರ್ತಿತ್ತು. ನಾ ಹೇಳಲಿಲ್ಲ. ನಾವು ಹಸದಿದ್ದು ನನ್ನಿಂದ ಅಂತ ಆಕಿಗೆ ಗೊತ್ತಾಗದಂಗ ಹೋದ್ಲು."

ಮೇಷ್ಟ್ರು ಲಾಂಚು ಹೊರಡುತ್ತದೆಂದು ಕೂಗಿದರು. ತಾತ ಎದ್ದು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಮೇ ತಿಂಗಳ ಹೊತ್ತಿಗೆ ತಾತನಿಗೆ ಬೆಳಕು, ಕತ್ತಲೆ ಎರಡು ಬಿಟ್ಟು ಬೇರೇನೂ ಕಾಣದಾಯಿತು. ಆ ವರ್ಷವೇ ನೀರು ಇಳಿಯಬೇಕೆ! ಕೇರಿಯ ಜಾಗ ಎದ್ದಿದೆಯಂತೆ ಎಂದು ಮೀನು ಮಾರುವವಳು ಬಾಗಿಲಲ್ಲಿ ಹೇಳಿಹೋದಳು. ತಾತ ಹೊಸ ಜೋಳ ತುಂಬಿಕೊಂಡ. ಮಾರನೆಯ ಬೆಳಿಗ್ಗೆ ಪರಿಚಯದ ಆಟೋ ಹಿಡಿದು ಹೊರಟೆವು. ನೀರಿನತ್ತ ಇಳಿಯುವ ಗಟ್ಟಿ ನೆಲ ಮುಗಿದಲ್ಲಿ ಆಟೋ ನಿಂತಿತು. ಮುಂದೆಲ್ಲ ಬಿರುಕುಬಿಟ್ಟ ಕೆಸರು. ನಡುವೆ ಕಲ್ಲಿನ ಬುನಾದಿಗಳು, ಸಾಲಾಗಿ, ಸೊಂಟ ಮುರಿದು ಕೂತಂತೆ. ಆಚೆ ನೀರು, ಬಿಳಿ ಹಕ್ಕಿಗಳು.

ತಾತ ಇಳಿಯಲು ಕಾಲು ಮುಂದಿಟ್ಟ. ಮೊಣಕಾಲವರೆಗೆ ಹೂತುಹೋಯಿತು. ಆಟೋದ ಹುಡುಗನೂ ನಾನೂ ಎಳೆದು ತೆಗೆದೆವು. ಒಂದು ಚಪ್ಪಲಿ ಒಳಗೇ ಉಳಿಯಿತು.

"ಬಿಡು. ಊರಾಗ ಚಪ್ಪಲಿ ಹಾಕ್ಕೊಂಡು ಹೋಗಾಕ ಹೊಂಟಿದ್ದೆ, ಕಿತ್ಕೊಂತು" ಎಂದ. ಯಾರೂ ನಗಲಿಲ್ಲ. ಅವನನ್ನು ಆಟೋದ ಸೀಟಿನ ಮೇಲೆ ನೀರಿಗೆ ಮುಖ ಮಾಡಿ ಕೂರಿಸಿದೆವು.

"ನೀ ಹೋಗು. ನೀ ಎಣಿಸಾಕಿ, ಒಂದೂ ಬಿಡಬ್ಯಾಡ. ಕೇರಿ ಕಡೇಕ ಐತಿ. ನಮ್ಮದರ ಅಂಚು ಮೂಡಲ ಕಡೆ ಒಡದೈತಿ."

"ಜೋಳ ಕೊಡು ಮತ್ತ."

"ಮೊದಲು ನೋಡಿ ಬಾ."

ಹೋದೆ. ಹತ್ತು ಹೆಜ್ಜೆಗೊಮ್ಮೆ ಕಾಲು ಕಿತ್ತುಕೊಂಡು, ಬುನಾದಿಯ ಕಲ್ಲಿನಿಂದ ಕಲ್ಲಿಗೆ. ಕೇರಿಯ ಮನೆಗಳು ಎಷ್ಟು ಸಣ್ಣವಿದ್ದವು! ನಮ್ಮ ಲ್ಯಾಬಿನ ಒಂದು ಕೋಣೆಯಷ್ಟು. ಪ್ರತಿ ಚೌಕದ ಮೂಲೆಯಲ್ಲಿ ಒಂದು ಒಳಕಲ್ಲು. ಯಾರೂ ಹೊತ್ತೊಯ್ದಿರಲಿಲ್ಲ. ಅಂಚು ಒಡೆದದ್ದು ಯಾವುದು? ಎಲ್ಲದರ ಅಂಚೂ ಒಡೆದಿತ್ತು, ಎಲ್ಲ ದಿಕ್ಕಿಗೂ. ಎಪ್ಪತ್ತು ವರ್ಷ ನೀರಿನಲ್ಲಿ ಕೂತ ಕಲ್ಲಿಗೆ ಮೂಡಲೇನು, ಪಡುವಲೇನು? ನಾನು ಒಂದೊಂದರ ಮುಂದೆಯೂ ಕೂತು ಒಳಗೆ ನೋಡಿದೆ. ಕೈ ಹಾಕಿ ನೋಡಿದೆ. ಇಲ್ಲಿ ಮುಟ್ಟಬಾರದೆಂಬ ಬೋರ್ಡು ಇರಲಿಲ್ಲ.

ಮರಳಿ ಬರುವಾಗ ದೂರದಿಂದಲೇ ತಾತನ ದನಿ ಕೇಳಿತು. "ಸಿಕ್ತೇನ?"

"ನಮ್ಮದು ಯಾವುದು ಗೊತ್ತಾಗಲಿಲ್ಲ ತಾತಾ!"

ಅವನ ಕೈ ಜೇಬಿನ ಮೇಲಿತ್ತು. ಅದು ಅಲ್ಲಿಂದ ಜಾರಿ ತೊಡೆಯ ಮೇಲೆ ಬಿತ್ತು. ನಾನು ಹತ್ತಿರ ಬಂದು ಏದುಸಿರು ಬಿಡುತ್ತ ನಿಂತೆ.

"ಎಲ್ಲಾ ನೋಡಿದೇನು?"

"ಎಲ್ಲಾ ನೋಡೀನಿ. ಒಂದೂ ಬಿಟ್ಟಿಲ್ಲ."

"ಎಷ್ಟು ಖಾಲಿ ಅದಾವು?"

ಆಗ ನನಗೆ ಹೊಳೆಯಿತು. ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಒಂದೂ ಇಲ್ಲ ತಾತಾ. ಒಂದೂ ಖಾಲಿ ಇಲ್ಲ. ಎಲ್ಲಾ ಅಂಚಿನ ತನಕ ತುಂಬ್ಯಾವು."

"ಏನು ತುಂಬೈತಿ?"

"ಎರೆಮಣ್ಣು. ಹೊಳಿ ತಂದಿದ್ದು. ಒಂದರಾಗ ಹುಲ್ಲೂ ಎದ್ದೈತಿ."

ತಾತ ಕೈ ಚಾಚಿದ. ನನ್ನ ಬೆರಳುಗಳಿಗೆ ಮೆತ್ತಿದ್ದ ಮಣ್ಣನ್ನು ತನ್ನ ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಮೂಸಿದ. ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ. ಆಮೇಲೆ ಎಡಜೇಬಿಗೆ ಕೈ ಹಾಕಿ ಹಿಡಿಯನ್ನು ಹೊರತೆಗೆದ. ಕೊನೆಗೂ ನನಗೆ ಕೊಡುತ್ತಾನೆ, ಯಾವುದೋ ಒಂದಕ್ಕೆ ಹಾಕಿ ಬಾ ಎನ್ನುತ್ತಾನೆ ಅಂದುಕೊಂಡು ಸೆರಗೊಡ್ಡಿದೆ.

ಅವನು ಹಿಡಿಯನ್ನು ಬಾಯಿಗೆ ಹಾಕಿಕೊಂಡ.

"ತಾತಾ, ಹಸಿ ಜೋಳ! ಹೊಟ್ಟಿ ನೋವು ಬರ್ತೈತಿ!" ಎಂದ ಆಟೋದ ಹುಡುಗ.

ತಾತನಿಗೆ ಉಳಿದಿರುವುದು ಮೇಲೆ ಎರಡು, ಕೆಳಗೆ ಮೂರು ಹಲ್ಲು. ಕಾಳುಗಳು ಬಾಯಲ್ಲಿ ಅತ್ತಿಂದಿತ್ತ ಉರುಳುವ ಸದ್ದು ಕೇಳುತ್ತಿತ್ತು. ಕಣ್ಣಿನಿಂದ ನೀರು ಇಳಿದು ಗಲ್ಲದ ಕುರುಚಲಿನಲ್ಲಿ ನಿಲ್ಲುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ, ಏಳು ವರ್ಷದ ಹುಡುಗನ ಹಾಗೆ ಅವಸರವಾಗಿ ಅಗಿಯುತ್ತಲೇ ಇದ್ದ. ಜೇಬಿನ ತಳದಲ್ಲಿ ಇನ್ನೂ ನಾಲ್ಕು ಕಾಳು ಉಳಿದಿದ್ದವು. ತಡಕಾಡಿ ತೆಗೆದು ನನ್ನ ಕೆಸರುಗೈಯಲ್ಲಿ ಇಟ್ಟ.

"ತಗೋ. ಬಿಸಲಾಗ ತಿರುಗಿ ಹಸದೀ. ನಮ್ಮವ್ವ ಕೊಟ್ಲು."

ಹಲ್ಲಿಗೆ ಬಹಳ ಗಟ್ಟಿ. ಬಿಡದೆ ಅಗಿದರೆ ಕೊನೆಗೆ ಸಿಹಿ.